ಹೊಳೆಗಲ್ಲಿನ ಮೇಲಿನ ಚೌಕ

ಸಿಂದಗಿಯ ಬಜಾರಿನಲ್ಲಿ ನನ್ನದೊಂದು ಫೋಟೋಗಳಿಗೆ ಕಟ್ಟು ಹಾಕುವ ಸಣ್ಣ ಅಂಗಡಿ. ದೇವರ ಪಟ, ಮದುವೆಯ ಫೋಟೋ, ಮಕ್ಕಳ ಸರ್ಟಿಫಿಕೇಟು ಎಲ್ಲವೂ ಬರುತ್ತವೆ. ಹೆಚ್ಚಾಗಿ ಬರುವುದು ಮಾತ್ರ ತೀರಿಕೊಂಡವರ ಫೋಟೋ. ತಂದವರು ಸುಮ್ಮನೆ ಕೊಟ್ಟು ಹೋಗುವುದಿಲ್ಲ. ನಾನು ಗಾಜು ಕತ್ತರಿಸುವವರೆಗೆ ಬಾಗಿಲ ಕಟ್ಟೆಯ ಮೇಲೆ ಕುಳಿತು ಹೇಳುತ್ತಾರೆ. ಅಪ್ಪ ಹೋದ ದಿನದಿಂದ ಎತ್ತು ಮೇವು ಮುಟ್ಟಿಲ್ಲ, ಅತ್ತೆ ಸೊಸೆಯ ಕನಸಿನಲ್ಲಿ ಬಂದು ನೀರು ಕೇಳಿದಳು, ಬೀಗ ಹಾಕಿದ ಖೋಲಿಯೊಳಗೆ ಕೆಮ್ಮಿದ ಸಪ್ಪಳ ಕೇಳಿಸಿತು. ನಾನು ಬಾಯಲ್ಲಿ ಸಣ್ಣ ಮೊಳೆಗಳನ್ನು ಹಿಡಿದುಕೊಂಡು ಹೂಂ ಎನ್ನುತ್ತಿದ್ದೆ. ಅವುಗಳಲ್ಲಿ ಒಂದನ್ನೂ ನಂಬುತ್ತಿರಲಿಲ್ಲ. ದುಃಖ ಇದ್ದಲ್ಲಿ ಮನಸ್ಸು ಏನಾದರೂ ಕಟ್ಟಿಕೊಳ್ಳುತ್ತದೆ, ಪಾಪ, ಎಂದುಕೊಳ್ಳುತ್ತಿದ್ದೆ.

ಈಗಲೂ ಬಹಳಷ್ಟು ಮಟ್ಟಿಗೆ ಹಾಗೆಯೇ ಅಂದುಕೊಂಡಿದ್ದೇನೆ. ಆದರೆ ನನಗೇ ಆದ ಒಂದು ಅನುಭವ ಆ ಮಾತಿನೊಳಗೆ ಕೂಡುವುದಿಲ್ಲ. ಅವ್ವ ಇರುವವರೆಗೆ ಅದನ್ನು ಬರೆಯುವುದು ಬೇಡ ಅನ್ನಿಸಿತ್ತು. ಹೋದ ವರ್ಷ ಅವ್ವನೂ ತೀರಿಕೊಂಡಳು. ನಾನು ಓದಿದ್ದು ಹತ್ತನೆಯ ತರಗತಿವರೆಗೆ. ಬಣ್ಣ ಕಟ್ಟಿ ಬರೆಯಲು ನನಗೆ ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಅಕ್ಕ ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಬಂದು, ನಮ್ಮೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಮದುವೆ ಮಾಡಿಕೊಳ್ಳಲಿಲ್ಲ. ಅವ್ವ, ಅಕ್ಕ, ನಾನು, ಇಷ್ಟೇ ಮನೆ. ಅಕ್ಕನಿಗೆ ಒಂದು ಹುಚ್ಚಿತ್ತು. ಹರಿಯುವ ನೀರಿನೊಳಗಿನ ಕಲ್ಲಿಗೆ ಹಾವಸೆ ಹತ್ತಿಕೊಂಡಿರುತ್ತದಲ್ಲ, ನಾವು ಕಾಲಿಟ್ಟರೆ ಜಾರುವಂಥದು, ಅದನ್ನು ನೋಡಿ ಹೊಳೆಯ ನೀರು ಹೇಗಿದೆ ಎಂದು ಹೇಳುವುದು. ರಜೆಯ ದಿನ ನನ್ನ ಲೂನಾದ ಹಿಂದೆ ಕುಳಿತು ಭೀಮಾ ದಂಡೆಗೆ ಹೊರಟುಬಿಡುತ್ತಿದ್ದಳು. ಒಮ್ಮೊಮ್ಮೆ ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಡೋಣಿಗೂ ಹೋಗುತ್ತಿದ್ದೆವು. ಡೋಣಿಯದು ಉಪ್ಪು ನೀರು. ಅಲ್ಲಿಯ ಕಲ್ಲಿಗೆ ಹತ್ತುವ ಹಾವಸೆಯ ಜಾತಿಯೇ ಬೇರೆ ಎನ್ನುತ್ತಿದ್ದಳು.

ನೀರನ್ನೇ ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟರಾಯಿತಲ್ಲ, ಕಲ್ಲು ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

"ನೀರು ಹರಕೊಂಡು ಹೋಗತೈತಿ, ತಮ್ಮಾ. ನಿನ್ನೆ ಹೊಲಸ ಬಂದಿತ್ತಂದ್ರ ಇವತ್ತಿನ ನೀರಿಗೇನು ಗೊತ್ತು? ಕಲ್ಲಿಗೆ ಹತ್ತಿಕೊಂಡದ್ದು ಎಲ್ಲೂ ಹೋಗಂಗಿಲ್ಲ. ಬಂದದ್ದನ್ನೆಲ್ಲ ಉಂಡಿರತೈತಿ," ಎಂದಳು.

ಅವಳು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಕಲ್ಲಿನ ಮೇಲೆ ತೆಳ್ಳಗೆ ಕಂದು ಬಣ್ಣದ ಲೇಪ ಇದ್ದರೆ ಬಹುಮಟ್ಟಿಗೆ ನೀರು ಒಳ್ಳೆಯದು. ಉದ್ದನೆಯ ಹಸಿರು ಕೂದಲು ಬೆಳೆದು ತೂಗಾಡುತ್ತಿದ್ದರೆ ನೀರಿಗೆ ಎಲ್ಲಿಂದಲೋ ಗೊಬ್ಬರ, ಚರಂಡಿ ಸೇರುತ್ತಿದೆ. ಕಪ್ಪು ನೀಲಿಯ ದಪ್ಪ ಲೋಳೆ ಬಂತೆಂದರೆ ಆ ನೀರು ಬಾಯಿಗೆ ಬೇಡ. ಆದರೆ ಬರೀ ಕಣ್ಣನ್ನು ನಂಬಬಾರದು, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಮ್ಮೆ ನನಗೂ ತೋರಿಸಿದ್ದಳು. ಆ ಕಂದು ಲೇಪದೊಳಗೆ ಸಣ್ಣ ಸಣ್ಣ ದೋಣಿಗಳಂಥವು ಇದ್ದವು. ಅವು ಗಾಜಿನ ಚಿಪ್ಪು ಕಟ್ಟಿಕೊಂಡು ಬದುಕುವ ಜೀವಗಳಂತೆ. "ನಿನ್ನ ಜಾತಿಯವು ನೋಡು, ಗಾಜಿನ ಕೆಲಸದವು," ಎಂದು ನಕ್ಕಿದ್ದಳು.

ಕಲ್ಲು ಕೆರೆಯಲು ಅವಳಿಗೊಂದು ಪದ್ಧತಿ ಇತ್ತು. ಮನ ಬಂದಷ್ಟು ಕೆರೆಯುವ ಹಾಗಿಲ್ಲ, ಎಲ್ಲ ಕಲ್ಲಿನ ಮೇಲೂ ಒಂದೇ ಅಳತೆಯ ಜಾಗ ಆಗಬೇಕು. ಅದಕ್ಕೆ ನಾನು ಎಣ್ಣೆ ಡಬ್ಬಿಯ ತಗಡಿನಲ್ಲಿ ಒಂದು ಚೌಕದ ಕಿಂಡಿ ಕತ್ತರಿಸಿ ಕೊಟ್ಟಿದ್ದೆ. ಅವಸರದಲ್ಲಿ ಒಂದು ಮೂಲೆ ಒಳಕ್ಕೆ ಸೊಟ್ಟಗಾಯಿತು. "ಕಟ್ಟಿನ ಅಂಗಡಿ ಇಟ್ಟಾಂವ ಮೂಲಿ ಸೊಟ್ಟ ಕತ್ತರಿಸ್ಯಾನ, ನೋಡಬೇ ನಿನ್ನ ಮಗನ್ನ," ಎಂದು ಅವ್ವನಿಗೆ ತೋರಿಸಿದಳು. ಮುಂದೆ ನಾನು ಬೇರೆ ಮಾಡಿಕೊಡುತ್ತೇನೆ ಎಂದರೂ ಒಪ್ಪಲಿಲ್ಲ. ಮೊದಲಿನಿಂದ ಇದರಲ್ಲೇ ಅಳೆದಿದ್ದೇನೆ, ಈಗ ಬದಲಿಸಿದರೆ ಹಿಂದಿನದಕ್ಕೂ ಮುಂದಿನದಕ್ಕೂ ತಾಳೆ ಬೀಳುವುದಿಲ್ಲ ಎಂದಳು. ಕಲ್ಲನ್ನು ನೀರಿನಿಂದ ಎತ್ತಿ, ಮೇಲೆ ಆ ತಗಡು ಇಟ್ಟು, ಕಿಂಡಿಯೊಳಗಿನಷ್ಟನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತಾಟಿಗೆ ಇಳಿಸುತ್ತಿದ್ದಳು. ಆಮೇಲೆ ಕಲ್ಲನ್ನು ಎಲ್ಲಿಂದ ಎತ್ತಿದ್ದಳೋ ಅದೇ ತಗ್ಗಿನಲ್ಲಿ, ಕೆರೆದ ಮುಖ ಮೇಲಾಗಿ ಇಡುತ್ತಿದ್ದಳು. ಇಟ್ಟ ಕೂಡಲೇ ಅಂಚಿನಲ್ಲಿ ಸಡಿಲಾದದ್ದು ಸ್ವಲ್ಪ ಹೊತ್ತು ನೀರಿನಲ್ಲಿ ಕಂದು ಹೊಗೆಯ ಹಾಗೆ ಬಿಡುತ್ತದೆ, ಆಮೇಲೆ ನಿಲ್ಲುತ್ತದೆ. ಕಲ್ಲಿನ ಮೇಲೆ ಉಳಿಯುವುದು ಸೊಟ್ಟ ಮೂಲೆಯ ಒಂದು ಸ್ವಚ್ಛ ಚೌಕ. ಕೆಲವು ವಾರಗಳಲ್ಲಿ ಹಾವಸೆ ಮತ್ತೆ ಬೆಳೆದು ಅದನ್ನೂ ಮುಚ್ಚಿಬಿಡುತ್ತದೆ.

ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಇದೆಲ್ಲ ನಗೆ. "ಏನ್ರಿ ಅಕ್ಕೋರ, ಕಲ್ಲಿಗೆ ಹಲ್ಲ ತಿಕ್ಕಾಕತ್ತೀರೇನ್ರಿ?" ಎನ್ನುತ್ತಿದ್ದರು. "ಹೌದ್ರಿ, ಭಾಳ ದಿವಸ ಆತು, ಬಾಯಿ ವಾಸನಿ ಹೊಡ್ಯಾಕತ್ತಿತ್ತು," ಎನ್ನುತ್ತಿದ್ದಳು ಅಕ್ಕ.

ಆ ಹೆಂಗಸರು ದೇವಣಗಾಂವದ ಆಚೆ ಭೀಮಾ ದಂಡೆಯ ಮೇಲಿನ ಒಂದು ಸಣ್ಣ ಹಳ್ಳಿಯವರು. ಊರಿನ ಹೆಸರು ಬೇಡ. ಅವರು ಹೊಳೆಯ ಮರಳಿನಲ್ಲಿ ವರತೆ ತೋಡಿ, ಅದರಲ್ಲಿ ಬಸಿದ ನೀರನ್ನೇ ಕುಡಿಯುತ್ತಿದ್ದರು. ಬೇಸಿಗೆ ಬಂತೆಂದರೆ ವಾಂತಿಭೇದಿ. ಕೊನೆಗೊಮ್ಮೆ ಹೊಳೆಯಲ್ಲಿ ಬಾವಿ ತೆಗೆದು ಕೊಳವೆಯಲ್ಲಿ ಊರಿಗೆ ನೀರು ತರುವ ಕೆಲಸ ಮಂಜೂರಾಯಿತು. ಬಾವಿಯನ್ನು ಎಲ್ಲಿ ತೆಗೆಯಬೇಕು ಎಂಬುದೇ ಪ್ರಶ್ನೆ. ಮೇಲಿನ ಕಡೆಯಿಂದ ಒಂದು ಹಳ್ಳ ಬಂದು ಅಲ್ಲಿ ಹೊಳೆ ಸೇರುತ್ತಿತ್ತು. ಹಳ್ಳದ ಕೆಳಗಿನ ಜಾಗ ರಸ್ತೆಗೆ ಹತ್ತಿರ, ಕೆಲಸ ಸುಲಭ. ಅಕ್ಕ ಅಲ್ಲಿ ಬೇಡವೇ ಬೇಡ ಎಂದಿದ್ದಳು, ಕಲ್ಲಿನ ತುಂಬ ಹಸಿರು ಕೂದಲು. ಹಾಗಾದರೆ ಹಳ್ಳದ ಮೇಲಿನ ಜಾಗವೇ ಎಂದು ಊರಿನ ಹಿರಿಯರು ಕೇಳಿದಾಗ, ಅಲ್ಲಿಯೂ ತನಗೆ ಯಾಕೋ ಸಂಶಯ ಎಂದಳು. ಮಳೆಗಾಲದಲ್ಲಿ ಹೊಳೆ ತುಂಬಿ ಬಂದು ಇಳಿದ ಮೇಲೆ ಇನ್ನೊಮ್ಮೆ ನೋಡಿ ಖಾತ್ರಿ ಹೇಳುತ್ತೇನೆ ಎಂದು ಮಾತು ಕೊಟ್ಟಳು.

ಆಷಾಢದಲ್ಲಿ ಒಂದು ಬೆಳಿಗ್ಗೆ ಅಕ್ಕ ತಲೆ ಸಿಡಿಯುತ್ತಿದೆ ಎಂದು ಮಲಗಿದಳು. ವಿಜಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದರು. ಅವಳ ಫೋಟೋಕ್ಕೆ ನಾನೇ ಕಟ್ಟು ಹಾಕಿದೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಅವಳ ಸಾಮಾನುಗಳಲ್ಲಿ ತಗಡಿನ ಚೌಕವನ್ನೂ ಬ್ರಶ್ಶನ್ನೂ ಅಂಗಡಿಗೆ ತಂದು ಗೋಡೆಯ ಮೊಳೆಗೆ ತೂಗು ಹಾಕಿದೆ. ಶ್ರಾವಣ ಕಳೆಯುವ ಹೊತ್ತಿಗೆ ಮಹಾರಾಷ್ಟ್ರದ ಕಡೆ ಮಳೆ ಜೋರಾಗಿ, ಅಣೆಕಟ್ಟಿನಿಂದ ನೀರು ಬಿಟ್ಟು, ಭೀಮೆ ಎರಡೂ ದಂಡೆ ತುಂಬಿ ಬಂದಳು.

ಚಳಿಗಾಲದಲ್ಲಿ ಆ ಹಳ್ಳಿಯ ಪಂಚಾಯ್ತಿಯ ಅಧ್ಯಕ್ಷರಾಗಿದ್ದ ಗೌಡರು ಅಂಗಡಿಗೆ ಬಂದರು. ವಯಸ್ಸಾದವರು, ಮೆತ್ತಗಿನ ಮನುಷ್ಯ. ಎಳ್ಳ ಅಮಾವಾಸ್ಯೆ ಕಳೆದ ಮೇಲೆ ಇಂಜಿನಿಯರು ಬಾವಿಯ ಜಾಗಕ್ಕೆ ಗೂಟ ಬಡಿಯುತ್ತಾರೆ ಎಂದು ಹೇಳಿ, ಕುಳಿತೇ ಇದ್ದರು.

"ಅಕ್ಕೋರು ಕಡೀಕ ಏನರೆ ಹೇಳಿದ್ರೇನಪಾ? ನಿನ್ನ ಮುಂದರೆ?"

ಇಲ್ಲರಿ ಎಂದೆ. ಅವಳ ಕಾಗದಗಳಲ್ಲೂ ಆ ಬಗ್ಗೆ ಏನೂ ಇರಲಿಲ್ಲ. ನೋಡದೆ ಬರೆಯುವವಳಲ್ಲ ಅವಳು.

"ಹ್ವಾದ ಬ್ಯಾಸಗ್ಯಾಗ ನಮ್ಮ ಓಣ್ಯಾಗ ಎರಡು ಕೂಸು ಹ್ವಾದವು. ಇಂಜಿನಿಯರು ರಸ್ತಾಕ ಹತ್ತಿರ ಆಗತೈತಿ ಅಂತ ಹಳ್ಳದ ಕೆಳಗ ಅನ್ನಾಕತ್ತಾರ. ನಾ ಬ್ಯಾಡ ಅಂದ್ರ ಯಾಕಂತ ಕೇಳ್ತಾರ. ನಾ ಏನು ಹೇಳ್ಲಿ? ನೀ ಅಕಿ ಕೂಡ ಅಡ್ಡ್ಯಾಡಿದಾಂವ, ಒಂದು ಮಾತು ಹೇಳು. ನಿನ್ನ ಮಾತಿನ ಮ್ಯಾಲೆ ನಾ ನಿಂದರ್ತೇನಿ."

ಅವತ್ತಿನಿಂದ ನನಗೆ ನಿದ್ದೆ ಬಾರದಾಯಿತು. ಲೂನಾ ಹೊಡೆಯುವುದು, ತಾಟು ಹಿಡಿಯುವುದು ಇಷ್ಟೇ ನನ್ನ ಕೆಲಸವಾಗಿತ್ತು. ಹಾವಸೆ ನೋಡಿ ನೀರು ಹೇಳುವ ವಿದ್ಯೆ ನನ್ನಲ್ಲಿರಲಿಲ್ಲ. ಸುಮ್ಮನಿದ್ದರೆ ಬಾವಿ ಹಳ್ಳದ ಕೆಳಗೆ ಆಗುತ್ತದೆ. ಮೇಲೆ ಎಂದು ಹೇಳಿ, ಅಲ್ಲಿಯೂ ನೀರು ಕೆಟ್ಟಿದ್ದರೆ, ಅಕ್ಕನ ಹೆಸರು ಹೇಳಿಕೊಂಡೇ ಆ ನೀರು ಕುಡಿಯುತ್ತಾರೆ. ಗಾಜು ಕತ್ತರಿಸುವಾಗ ಗೀರು ತಪ್ಪಿ ಹಾಳೆಗಳು ಸೀಳುತ್ತಿದ್ದವು. ಒಂದು ಫೋಟೋವನ್ನಂತೂ ತಲೆಕೆಳಗಾಗಿ ಕಟ್ಟಿಬಿಟ್ಟಿದ್ದೆ.

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಮನೆಯಲ್ಲಿ ಯಾರೂ ಇರುವುದಿಲ್ಲ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯವೆಂದು ಚರಗ ಚೆಲ್ಲುತ್ತದೆ. ಸಾವಾದ ವರ್ಷ ನಮಗೆ ಹಬ್ಬವಿಲ್ಲ. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಕೂತಲ್ಲಿ ಕೂರಲಾರದೆ ಮಧ್ಯಾಹ್ನದ ಹೊತ್ತಿಗೆ ಲೂನಾ ತೆಗೆದುಕೊಂಡು ಹೊಳೆಗೆ ಹೋದೆ.

ಹಳ್ಳದ ಕೆಳಗೆ ನೋಡಿದೆ. ಹಸಿರು ಕೂದಲು ಮೊದಲಿನ ಹಾಗೆಯೇ ಇತ್ತು. ಹಳ್ಳದ ಮೇಲೆ ಹೋಗಿ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಕೆಲವಕ್ಕೆ ಕಂದು ಲೇಪ, ಕೆಲವಕ್ಕೆ ಹಸಿರು ಕುಚ್ಚು. ಇದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಮತ್ತೆ ಕೆಳಗೆ ಬಂದೆ, ಮತ್ತೆ ಮೇಲೆ ಹೋದೆ. ಹೊಲಗಳಿಂದ ಚರಗ ಚೆಲ್ಲುವವರ ಕೂಗು ಕೇಳಿಸುತ್ತಿತ್ತು. ಹೊಳೆಯಲ್ಲಿ ಮಾತ್ರ ಒಂದು ನರಪಿಳ್ಳೆ ಇಲ್ಲ. ಹಿಂತಿರುಗಬೇಕು ಎಂದು ಅನ್ನಿಸಿದರೂ ಕಾಲುಗಳು ದಂಡೆ ಹಿಡಿದು ಹೊಳೆಯ ಮೇಲ್ಗಡೆಗೆ ಮುಂದೆ ಮುಂದೆ ಹೋಗುತ್ತಿದ್ದವು. ಜಾಲಿಕಂಟಿಯ ಆಚೆ ಹೊಳೆ ಒಂದು ತಿರುವು ತೆಗೆದುಕೊಳ್ಳುತ್ತದೆ. ಅಲ್ಲಿಗೆ ನಾನೂ ಅಕ್ಕನೂ ಎಂದೂ ಹೋದವರಲ್ಲ, ಮೊದಲೆಲ್ಲ ಅಲ್ಲಿ ಮೊಣಕಾಲುದ್ದ ರಾಡಿ. ಈಗ ನೋಡಿದರೆ ರಾಡಿ ಇರಲಿಲ್ಲ. ಕರಿಕಲ್ಲುಗಳ ಮೇಲೆ ನೀರು ತಿಳಿಯಾಗಿ ಹರಿಯುತ್ತಿತ್ತು.

ದಂಡೆಯ ಹತ್ತಿರದ ಒಂದು ಕಲ್ಲಿನ ಮೇಲೆ ಚೌಕ ಇತ್ತು.

ಮೊದಲು ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಎಷ್ಟೋ ವರ್ಷ ನೋಡಿ ರೂಢಿಯಾದದ್ದು. ಆಮೇಲೆ, ಅಕ್ಕ ಹೋಗಿ ತಿಂಗಳುಗಳೇ ಆದವಲ್ಲ ಎಂದು ಹೊಳೆಯಿತು. ಬಗ್ಗಿ ನೋಡಿದೆ. ಕಂದು ಲೇಪದ ನಡುವೆ ಸ್ವಚ್ಛ ಚೌಕ, ಒಂದು ಮೂಲೆ ಒಳಕ್ಕೆ ಸೊಟ್ಟ. ಬೆರಳಿಟ್ಟೆ. ಹೊರಗೆ ಜಾರುತ್ತಿತ್ತು, ಒಳಗೆ ಒರಟು. ನೀರಿಗಿಳಿದೆ. ಸ್ವಲ್ಪ ಮುಂದೆ ಇನ್ನೊಂದು ಕಲ್ಲಿನ ಮೇಲೆ ಅಂಥದೇ ಚೌಕ. ಅಕ್ಕ ಎಲ್ಲಿಯೂ ಒಂದೇ ಕಲ್ಲನ್ನು ನಂಬುತ್ತಿರಲಿಲ್ಲ. ದಂಡೆಯ ಹತ್ತಿರ ಒಂದು, ನಡುವೆ ಒಂದು, ಸೆಳವು ಇದ್ದಲ್ಲಿ ಒಂದು, ಹೀಗೆ ಸಾಲಾಗಿ ತೆಗೆಯುವುದು ಅವಳ ರೀತಿ. ಸೆಳವಿನ ಕಡೆ ನಡೆದೆ. ಅಲ್ಲಿಯೂ ಇತ್ತು. ಆ ಚೌಕದ ಅಂಚಿನಿಂದ ಕಂದು ಹೊಗೆಯಂಥದು ಎಳೆ ಎಳೆಯಾಗಿ ಬಿಟ್ಟುಕೊಂಡು ನೀರಿನಲ್ಲಿ ಹೋಗುತ್ತಿತ್ತು. ನಾನು ನೋಡುತ್ತಿದ್ದಂತೆ ತೆಳ್ಳಗಾಗಿ ನಿಂತಿತು.

ತಲೆ ಎತ್ತಿ ಸುತ್ತ ನೋಡಿದೆ. ಯಾರೂ ಇಲ್ಲ. ದಂಡೆಯ ಹಸಿ ಮಣ್ಣಿನಲ್ಲಿ ನನ್ನ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆ ಇಲ್ಲ. ಒಮ್ಮೆ "ಅಕ್ಕಾ" ಎಂದು ಕೂಗಿದೆ. ಹಾಗೆ ಕೂಗಿದ್ದಕ್ಕೆ ನನಗೇ ನಾಚಿಕೆಯಾಯಿತು.

ಹೆದರಿಕೆ ಆಯಿತೇ ಎಂದು ನೀವು ಕೇಳಬಹುದು. ಇಲ್ಲ. ಆದದ್ದು ಅವಸರ. ಹೊಳೆಯಲ್ಲಿ ಅಕ್ಕ ಯಾವಾಗಲೂ ಮುಂದೆ ಮುಂದೆ ಹೋಗುತ್ತಿದ್ದಳು, ನಾನು ತಾಟು, ಬಾಟಲಿ ಹಿಡಿದುಕೊಂಡು ಹಿಂದೆ ಉಳಿಯುತ್ತಿದ್ದೆ. ಅಂದೂ ಅವಳು ಈಗಷ್ಟೇ ಇಲ್ಲಿಂದ ಮುಂದೆ ಹೋದಳು, ನಾನು ತಡ ಮಾಡಿದೆ ಅನ್ನಿಸಿತು. ನೀರಿನಲ್ಲೇ ಓಡಿದೆ. ಎಡವಿ ಬಿದ್ದೆ, ಎದ್ದು ಮತ್ತೆ ಓಡಿದೆ. ಸಿಕ್ಕ ಸಿಕ್ಕ ಕಲ್ಲನ್ನೆಲ್ಲ ನೋಡುತ್ತ ಮುಂದಿನ ತಿರುವು ದಾಟಿದೆ. ಕಂಟಿಗೆ ಸಿಕ್ಕು ಅಂಗಿ ಹರಿಯಿತು. ಮುಂದೆ ಎಲ್ಲಿಯೂ ಚೌಕ ಇರಲಿಲ್ಲ.

ಹೊತ್ತು ಇಳಿಯುತ್ತಿತ್ತು. ದಂಡೆಯ ಮೇಲೆ ನೀರೆತ್ತುವ ಎಂಜಿನ್ನಿನ ಹತ್ತಿರ ಮಸ್ತಾನಸಾಬ ಕುಳಿತಿದ್ದ. ಅಲ್ಲಿಯ ತೋಟ ಪಾಲಿಗೆ ಮಾಡುವವನು, ನನ್ನನ್ನೂ ಅಕ್ಕನನ್ನೂ ಬಲ್ಲವನು. ನನ್ನ ಅವತಾರ ನೋಡಿ ಎದ್ದು ನಿಂತ. ಇವತ್ತು ಯಾರಾದರೂ ಹೊಳೆಗೆ ಇಳಿದಿದ್ದರೇ ಎಂದು ಕೇಳಿದೆ.

"ಎಳ್ಳಮಾಸಿ ದಿನ ಹೊಳಿಗೆ ಯಾರು ಬರ್ತಾರಪಾ, ನಿನ್ನಂಥ ಹುಚ್ಚ ಬಿಟ್ರ. ಮುಂಜಾನಿಂದ ನಾ ಇಲ್ಲೇ ಅದೇನಿ."

ತಿರುವಿನ ಕಲ್ಲುಗಳ ಹತ್ತಿರ ಮೊದಲು ಯಾವಾಗಲಾದರೂ ಅಕ್ಕ ಬಂದಿದ್ದಳೇ ಎಂದೆ.

"ಆ ಕಲ್ಲು ಅಲ್ಲಿ ಇದ್ದಿಲ್ಲಲ್ಲೋ. ಅಲ್ಲೆಲ್ಲಾ ರಾಡಿ ಇತ್ತು. ಈ ಸಲದ ಹೊಳಿ ರಾಡಿ ಕೊಚ್ಚಿಕೊಂಡು ಹೋಗಿ ಕಲ್ಲು ತಂದು ಹಾಕೇತಿ," ಎಂದ. ಆಮೇಲೆ, "ಮನೀಗ ಹೋಗು. ಅವ್ವ ಒಬ್ಬಾಕಿನ ಅದಾಳ," ಎಂದ.

ಮನೆಗೆ ಹೋಗುವ ಮೊದಲು ಅಂಗಡಿ ತೆಗೆದು ನೋಡಿದೆ. ತಗಡಿನ ಚೌಕ ಮೊಳೆಗೆ ಹಾಗೆಯೇ ತೂಗುತ್ತಿತ್ತು. ಅದರ ಕಿಂಡಿಗೆ ಜೇಡ ಬಲೆ ಕಟ್ಟಿತ್ತು. ಬ್ರಶ್ಶು ಒಣಗಿ ಬಿರುಸಾಗಿತ್ತು.

ಮರುದಿನ ಬೆಳಿಗ್ಗೆ ತಗಡನ್ನು ಒರೆಸಿ, ಬ್ರಶ್ಶನ್ನೂ ತೆಗೆದುಕೊಂಡು ಹೊಳೆಗೆ ಹೋದೆ. ಕಣ್ಣಿನ ಭ್ರಮೆ ಎಂದು ತಿಳಿದರೆ ಸಾಕಾಗಿತ್ತು. ದಿನವಿಡೀ ಚೌಕಗಳನ್ನೇ ನೋಡುವವನ ಕಣ್ಣು, ಕಲ್ಲಿನ ಮೇಲೂ ಚೌಕ ಕಂಡಿರಬಹುದು. ಕಲ್ಲಿನ ಮೇಲೆ ತಗಡು ಇಟ್ಟೆ. ಮೂಲೆಗೆ ಮೂಲೆ ಕೂಡಿತು.

ಆಮೇಲೆ ನಾನು ಜೀವನದಲ್ಲಿ ಮೊದಲ ಸಲ ಕಲ್ಲು ಕೆರೆದೆ. ಆ ಚೌಕದ ಪಕ್ಕದಲ್ಲಿ ತಗಡು ಇಟ್ಟು, ಅಕ್ಕನ ಬ್ರಶ್ಶಿನಿಂದ ತಿಕ್ಕಿ, ಬಾಟಲಿಗೆ ಹಾಕಿಕೊಂಡು, ಅವಳ ಜೊತೆ ಕೆಲಸ ಮಾಡುತ್ತಿದ್ದ ಮೇಡಂ ಒಬ್ಬರಿಗೆ ಕೊಟ್ಟೆ. ಕಾಲೇಜಿನಿಂದ ಯಾರಾದರೂ ಅಲ್ಲಿಗೆ ಹೋಗಿದ್ದರೇ ಎಂದೂ ಕೇಳಿದೆ. ಯಾರೂ ಹೋಗಿಲ್ಲ, ನಿಮ್ಮ ಅಕ್ಕ ತೀರಿದ ಮೇಲೆ ಆ ಕೆಲಸವೇ ನಿಂತುಹೋಯಿತು ಎಂದರು. ಬಹಳ ಹೊತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗಾಜಿನ ದೋಣಿಗಳೇ ತುಂಬಿವೆ, ಅದೂ ಸ್ವಚ್ಛ ನೀರಿನಲ್ಲಿ ಇರುವ ಜಾತಿಗಳು, ಇಷ್ಟು ಒಳ್ಳೆಯದನ್ನು ಈ ಹೊಳೆಯಲ್ಲಿ ನಾನು ನೋಡಿರಲಿಲ್ಲ ಎಂದರು. ಬರುವ ದಾರಿಯಲ್ಲಿ ಹಳ್ಳದ ಮೇಲಿನ ಜಾಗದಿಂದ ಕೆರೆದು ತಂದದ್ದನ್ನೂ ತೋರಿಸಿದೆ. ಅದನ್ನು ನೋಡಿ ಬೇಡ ಎನ್ನುವಂತೆ ಕೈ ಆಡಿಸಿದರು.

ಗೂಟ ಬಡಿಯುವ ದಿನ ಗೌಡರನ್ನೂ ಇಂಜಿನಿಯರನ್ನೂ ತಿರುವಿಗೆ ಕರೆದುಕೊಂಡು ಹೋದೆ. ಮೇಡಂ ಹೇಳಿದ್ದನ್ನು ಹೇಳಿದೆ. ರಸ್ತೆಯಿಂದ ದೂರ, ಕೊಳವೆ ಹೆಚ್ಚು ಬೇಕು ಎಂದು ಇಂಜಿನಿಯರು ಗೊಣಗಿದರು. ಗೌಡರು ಅವರಿಗೆ ಏನೂ ಹೇಳದೆ ನನ್ನನ್ನು ಪಕ್ಕಕ್ಕೆ ಕರೆದರು. ಮೇಡಂ ಮಾತು ಇರಲಿ, ಅಕ್ಕೋರು ಈ ಜಾಗ ನೋಡಿದ್ದರೇ ಎಂದು ಕೇಳಿದರು.

ನಾನು ಕಲ್ಲು ತೋರಿಸಿದೆ. ಆ ಹೊತ್ತಿಗೆ ಚೌಕದ ಮೇಲೆ ತೆಳ್ಳಗೆ ಕಂದು ಬಣ್ಣ ತಿರುಗಿ ಹತ್ತಲು ಸುರುವಾಗಿತ್ತು. ಆದರೂ ಸ್ಪಷ್ಟವಾಗಿ ಕಾಣುತ್ತಿತ್ತು. ಅಕ್ಕನ ಚೌಕ ಎಂದರೆ ಆ ಊರಿನಲ್ಲಿ ಎಲ್ಲರಿಗೂ ಗುರುತು.

"ಹೌದು, ಅವರದ ಕೆಲಸ," ಎಂದರು ಗೌಡರು. ಆಮೇಲೆ, "ಯಾವಾಗ ಬಂದಿದ್ರು?" ಎಂದರು.

ನಾನು ಬಗ್ಗಿ ಆ ಕಲ್ಲನ್ನು ತಗ್ಗಿನಲ್ಲಿ ಸರಿಯಾಗಿ ಕೂಡಿಸಿದೆ. ಗೌಡರು ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದವರು. ರಾಡಿ ಯಾವಾಗ ಹೋಯಿತು, ಕಲ್ಲು ಯಾವಾಗ ಬಂತು ಎಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. ನನ್ನ ಮುಖ ನೋಡಿದರು. ಮತ್ತೆ ಕೇಳಲಿಲ್ಲ. ಚಪ್ಪಲಿ ಬಿಟ್ಟು ನೀರಿಗಿಳಿದು, ಬೊಗಸೆಯಲ್ಲಿ ನೀರು ತುಂಬಿ ಕುಡಿದು, "ಇಲ್ಲೇ ಬಡೀರಿ," ಎಂದರು.

ಬಾವಿ ಅಲ್ಲಿಯೇ ಆಯಿತು. ಈಗಲೂ ಆ ಊರು ಅದೇ ನೀರು ಕುಡಿಯುತ್ತದೆ, ಬೇಸಿಗೆಯ ಆ ಕಾಟ ತಪ್ಪಿತು. ಕೆಲಸ ನಡೆಯುವಾಗ ಆ ಕಲ್ಲುಗಳು ಮಣ್ಣಿನಡಿ ಹೋದವು. ಒಂದನ್ನಾದರೂ ಮನೆಗೆ ತರಬೇಕೆಂದು ಬಹಳ ಆಸೆಯಾಗಿತ್ತು. ತರಲಿಲ್ಲ. ಹೊಳೆಯ ಕಲ್ಲನ್ನು ಹೊಳೆಯಿಂದ ಹೊರಗೆ ಒಯ್ಯಲು ಅಕ್ಕ ಬಿಡುತ್ತಿರಲಿಲ್ಲ.

ಯಾರೋ ನನಗೆ ಗೊತ್ತಿಲ್ಲದ ಹುಡುಗರು ಅಕ್ಕನಿಂದ ಕಲಿತು, ಅಂಥದೇ ತಗಡು ಮಾಡಿಕೊಂಡು, ಹೆಜ್ಜೆ ಮೂಡದ ಹಾಗೆ ನೀರಿನಲ್ಲೇ ಬಂದು ಹೋಗಿರಬಹುದು. ಇರಬಹುದು. ಆದರೆ ಮೂಲೆ ಸೊಟ್ಟ ಮಾಡಿಕೊಂಡು ಯಾರು ಕತ್ತರಿಸುತ್ತಾರೆ? ಈ ಪ್ರಶ್ನೆ ಬಂದು ನಿಲ್ಲುವಲ್ಲಿಗೆ ನನ್ನ ಬುದ್ಧಿಯೂ ನಿಲ್ಲುತ್ತದೆ. ಎಷ್ಟೋ ರಾತ್ರಿ ಎದ್ದು ಕುಳಿತು ಮತ್ತೆ ಮೊದಲಿನಿಂದ ಲೆಕ್ಕ ಹಾಕಿದ್ದೇನೆ.

ಇದನ್ನು ನಾನು ಪೂರ್ತಿ ಹೇಳಿದ್ದು ಅವ್ವನಿಗೆ ಮಾತ್ರ, ಅದೂ ಬಹಳ ದಿನ ಆದ ಮೇಲೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡದೆ ಎಲ್ಲವನ್ನೂ ಕೇಳಿದಳು. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ನನ್ನನ್ನು ಹುಚ್ಚ ಎನ್ನಲಿಲ್ಲ, ನಂಬಿದೆ ಎಂದೂ ಅನ್ನಲಿಲ್ಲ. ನಾನು ಸುತ್ತೆಲ್ಲ ನೋಡಿದೆ, ಕೂಗಿದೆ, ಓಡಿದೆ, ಅಕ್ಕ ಎಲ್ಲಿಯೂ ಕಾಣಲಿಲ್ಲ ಎಂದು ಮುಗಿಸಿದಾಗ, ಕಾಳಿನಲ್ಲಿ ಬೆರಳಾಡಿಸುವುದನ್ನು ನಿಲ್ಲಿಸಿ ಕೇಳಿದಳು.

"ನಿನಗ ಅಕಿ ಕಾಣಲಿಲ್ಲ, ಬಿಡು. ಅಕಿಗೆ ನೀ ಕಂಡ್ಯೇನು?"

ಅವ್ವ ಉತ್ತರಕ್ಕೆ ಕಾಯುತ್ತಿದ್ದಳು. ನಾನು ಎದ್ದು ಹೊರಗೆ ಬಂದೆ.